ಕೊರಿಯಾದಲ್ಲೂ ಮುಯ್ಯಿ ಇದೆ

ನಮ್ಮ ಮನೆಗಳಲ್ಲಿ ಕೊರಿಯನ್ ಸೀರಿಯಲ್ ನೋಡುವವರು ಜಾಸ್ತಿಯಾದ ಮೇಲೆ ನನ್ನ ವಾಟ್ಸ್ಆ್ಯಪ್‌ಗೆ ಒಂದೇ ಥರದ ಮೆಸೇಜು ಬರುತ್ತಿರುತ್ತವೆ. "ಅಕ್ಕಾ, ಏಪ್ರಿಲ್‌ನಲ್ಲಿ ಸಿಯೋಲ್‌ಗೆ ಬರ್ತಿದೀವಿ. ಅಲ್ಲಿ ಏನೇನು ಮಾಡಬಾರದು ಅಂತ ಒಂದು ಲಿಸ್ಟ್ ಕಳ್ಸು." ಸಿಯೋಲ್ ಪಕ್ಕದ ಸುವೋನ್‌ನಲ್ಲಿ ನಾನು ಐದು ವರ್ಷದಿಂದ ಇದ್ದೇನೆ, ಸಾಫ್ಟ್‌ವೇರ್ ಕೆಲಸ. ಊರು ತಿಪಟೂರು.

ಲಿಸ್ಟ್ ಕೊಡುವುದೇನೂ ಕಷ್ಟವಲ್ಲ. ಮನೆಯೊಳಗೆ ಶೂ ಬೇಡ. ಹೋಟೆಲಿನಲ್ಲಿ ಟಿಪ್ಸ್ ಬೇಡ. ಅನ್ನದಲ್ಲಿ ಚಮಚ, ಕಡ್ಡಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ತೀರಿಹೋದ ಹಿರಿಯರಿಗೆ ಎಡೆ ಇಡುವಾಗ ಹಾಗೆ ಮಾಡುತ್ತಾರೆ. ಯಾರ ಹೆಸರನ್ನೂ ಕೆಂಪು ಇಂಕಿನಲ್ಲಿ ಬರೆಯಬೇಡಿ. ಮೆಟ್ರೋದಲ್ಲಿ ಬೋಗಿಯ ತುದಿಯ ಸೀಟು ವಯಸ್ಸಾದವರಿಗೆ, ಗುಲಾಬಿ ಬಣ್ಣದ್ದು ಗರ್ಭಿಣಿಯರಿಗೆ. ಎಷ್ಟೇ ರಶ್ ಇದ್ದರೂ ತುದಿಯ ಸೀಟುಗಳನ್ನು ಹುಡುಗರು ಖಾಲಿಯೇ ಬಿಟ್ಟು ನಿಂತಿರುತ್ತಾರೆ. ಕೆಲವು ಕಟ್ಟಡಗಳ ಲಿಫ್ಟಿನಲ್ಲಿ 4ರ ಬದಲು 'ಎಫ್' ಅಂತ ಇದ್ದರೆ ಗಾಬರಿಯಾಗಬೇಡಿ. ಅವರ ಭಾಷೆಯಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ಉಚ್ಚಾರ.

ಇಷ್ಟು ಗೊತ್ತಿದ್ದರೆ ಒಂದು ವಾರದ ಪ್ರವಾಸ ಆರಾಮಾಗಿ ಮುಗಿಯುತ್ತದೆ. ಗೊತ್ತಿಲ್ಲದಿದ್ದರೂ ಮುಗಿಯುತ್ತದೆ ಬಿಡಿ. ಯಾಕೆಂದರೆ ನೀವು ಏನು ಮಾಡಿದರೂ ಅವರು ನಕ್ಕು "ಗ್ವೆಂಚಾನಾಯೊ" ಅಂತಾರೆ. ಪರವಾಗಿಲ್ಲ ಅಂತ ಅರ್ಥ. ವಿದೇಶಿಯರು, ಪಾಪ, ಅವರಿಗೇನು ಗೊತ್ತು ಅನ್ನುವ ರಿಯಾಯಿತಿ ಅದು. ನಿಜವಾದ ಒಳ್ಳೆಯತನದಿಂದಲೇ ಕೊಡುತ್ತಾರೆ. ಆದರೆ ವರ್ಷಗಟ್ಟಲೆ ಅಲ್ಲೇ ಬಾಳುವವರಿಗೆ ಆ ರಿಯಾಯಿತಿಯಲ್ಲಿ ಒಂದು ದೂರವೂ ಕಾಣಿಸತೊಡಗುತ್ತದೆ. ನಮ್ಮ ಮನೆಗೆ ಬಂದ ಹೊಸ ನೆಂಟರು ತಟ್ಟೆ ತೊಳೆಯಲು ಎದ್ದರೆ "ಅಯ್ಯೋ ನೀವು ಕೂತ್ಕೊಳ್ಳಿ" ಅನ್ನುವುದಿಲ್ಲವೇ, ಹಾಗೆ.

ಕೊರಿಯನ್ನರ ನಡವಳಿಕೆಯ ಬಹುಪಾಲು ನನಗೆ ಹೊಸದು ಅನ್ನಿಸಲೇ ಇಲ್ಲ. ಅಮ್ಮನಿಗೆ ಒಮ್ಮಾ, ಅಪ್ಪನಿಗೆ ಆಪ್ಪಾ ಅನ್ನುವ ಜನ. ಎದುರು ಸಿಕ್ಕರೆ "ಊಟ ಆಯ್ತಾ?" ಅಂತಲೇ ಕೇಳುತ್ತಾರೆ. ಅವರ "ಬಾಪ್ ಮೊಗೊಸ್ಸೊಯೊ?"ಗೆ ಪದಶಃ ಅನ್ನ ತಿಂದ್ರಾ ಅಂತಲೇ ಅರ್ಥ. ಆಯ್ತು ಅಂದರೆ ಸಾಕು, ಮೆನು ಹೇಳುವುದು ಬೇಕಿಲ್ಲ. ಇನ್ನು ಎರಡೂ ಕೈ. ಅಂಗಡಿಯ ಹುಡುಗ ಕಾರ್ಡ್ ವಾಪಸ್ ಕೊಡುವುದೂ ಎರಡೂ ಕೈಯಲ್ಲಿ, ನಾವು ತೆಗೆದುಕೊಳ್ಳಬೇಕಾದ್ದೂ ಎರಡೂ ಕೈಯಲ್ಲಿ. ಒಂದೇ ಕೈ ಬಿಡುವಿದ್ದರೆ ಬಲಗೈ ಚಾಚಿ, ಎಡಗೈಯನ್ನು ಬಲ ಮಣಿಕಟ್ಟಿಗೋ ಮೊಣಕೈಗೋ ಆನಿಸಬೇಕು. ಅವರ ಹಳೆಯ ಉಡುಪು ಹಾನ್‌ಬೊಕ್‌ನ ಅಗಲ ತೋಳು ಜೋತು ಬೀಳದಂತೆ ಹಿಡಿಯುತ್ತಿದ್ದದ್ದು ಹೀಗೆ ಉಳಿದುಕೊಂಡಿತು ಅಂತ ಹೇಳುತ್ತಾರೆ. ದೇವಸ್ಥಾನದಲ್ಲಿ ಬಲಗೈ ಕೆಳಗೆ ಎಡಗೈ ಇಟ್ಟು ತೀರ್ಥ ತೆಗೆದುಕೊಂಡು ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಹೊಸದು ಅನ್ನಿಸಿದ್ದು ವಯಸ್ಸಿನ ಲೆಕ್ಕ.

ಪರಿಚಯವಾದ ಹತ್ತೇ ನಿಮಿಷದಲ್ಲಿ "ಯಾವ ವರ್ಷ ಹುಟ್ಟಿದ್ದು?" ಅಂತ ಕೇಳಿದರೆ ನಮ್ಮ ಹುಡುಗಿಯರಿಗೆ ಸಿಟ್ಟು ಬರುತ್ತದೆ. ಅವರು ಕೇಳದೆ ಹೇಗೆ ಮಾತಾಡಿಯಾರು? ಕನ್ನಡದಲ್ಲಿ ನೀನು-ನೀವು ಇದ್ದ ಹಾಗೆ ಅಲ್ಲೂ ಇದೆ, ಆದರೆ ಇನ್ನೂ ಬಿಗಿ. ಗೌರವದ ಮಾತು 'ಜೊಂದೆನ್ಮಾಲ್', ಸಲಿಗೆಯ ಮಾತು 'ಬಾನ್ಮಾಲ್'. ಪ್ರತಿ ಕ್ರಿಯಾಪದದ ಬಾಲದಲ್ಲಿ ಅದು ಕೂತಿರುತ್ತದೆ. ಎದುರಿನವರು ದೊಡ್ಡವರೋ ಚಿಕ್ಕವರೋ ಗೊತ್ತಾಗದೆ ಒಂದು ವಾಕ್ಯವನ್ನೂ ನೆಮ್ಮದಿಯಾಗಿ ಮುಗಿಸಲಾಗದು. ನಮ್ಮಲ್ಲಿ ಒಂದೆರಡು ವರ್ಷದ ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲ್ಲ, ಕಾಲೇಜು ಸೀನಿಯರನ್ನೂ ಆರು ತಿಂಗಳಲ್ಲಿ "ಲೋ" ಅಂತೀವಿ. ಅಲ್ಲಿ ಒಂದು ವರ್ಷ ದೊಡ್ಡವಳಾದರೆ ಹುಡುಗಿಗೆ ಅವಳು 'ಒನ್ನಿ', ಅಕ್ಕ. 'ಚಿಂಗು', ಅಂದರೆ ಫ್ರೆಂಡ್, ಸಾಮಾನ್ಯವಾಗಿ ಒಂದೇ ವರ್ಷ ಹುಟ್ಟಿದವರಿಗೆ ಮಾತ್ರ ಸಲ್ಲುವ ಪದ. ಹತ್ತು ವರ್ಷ ಜೊತೆಗೆ ಉಂಡು ತಿರುಗಿದವಳೂ ಒನ್ನಿಯೇ. ಆಫೀಸಿನಲ್ಲಂತೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಹುದ್ದೆಗೆ 'ನಿಮ್' ಸೇರಿಸಬೇಕು, ನಮ್ಮ 'ಅವರು', 'ಗಳು' ಇದ್ದ ಹಾಗೆ. ನಮ್ಮ ಟೀಮಿನ ಮುಖ್ಯಸ್ಥರು ನಮಗೆಲ್ಲ 'ಟೀಮ್‌ಜಾಂಗ್‌ನಿಮ್'.

ಆ ವಯಸ್ಸನ್ನು ಎಣಿಸುವುದರಲ್ಲೂ ತಮಾಷೆ ಇತ್ತು. ಹುಟ್ಟಿದ ದಿನವೇ ಒಂದು ವರ್ಷ, ಆಮೇಲೆ ಪ್ರತಿ ಹೊಸವರ್ಷಕ್ಕೆ ಎಲ್ಲರಿಗೂ ಒಟ್ಟಿಗೆ ಒಂದೊಂದು. ಡಿಸೆಂಬರ್ 31ಕ್ಕೆ ಹುಟ್ಟಿದ ಕೂಸಿಗೆ ಮರುದಿನ ಎರಡು! 2023ರ ಜೂನ್ 28ರಿಂದ ಕಾನೂನಿನಲ್ಲಿ ನಮ್ಮ ನಿಮ್ಮ ಹಾಗೆಯೇ ಎಣಿಸುವುದು ಅಂತಾಯಿತು. ಅವತ್ತು ನಮ್ಮ ಆಫೀಸಿನಲ್ಲಿ ಎಲ್ಲರೂ ಚಿಕ್ಕವರಾದ ಖುಷಿಯಲ್ಲಿದ್ದರು. ಒನ್ನಿ ಮಾತ್ರ ಒನ್ನಿಯಾಗಿಯೇ ಉಳಿದಳು.

ಊಟದ ವಿಷಯ ಹೇಳದಿದ್ದರೆ ನೀವು ಬಿಡಲ್ಲ. ದೊಡ್ಡವರು ಚಮಚ ಎತ್ತುವ ತನಕ ಕಾಯಬೇಕು. ಅನ್ನ, ಸೂಪು ಚಮಚದಲ್ಲಿ, ಪಲ್ಯಗಳು ಕಡ್ಡಿಯಲ್ಲಿ. ಬಟ್ಟಲನ್ನು ಜಪಾನಿನವರ ಹಾಗೆ ಕೈಗೆತ್ತಿಕೊಳ್ಳುವಂತಿಲ್ಲ. ಆಫೀಸ್ ಪಾರ್ಟಿಯಲ್ಲಿ ನಿಮ್ಮ ಲೋಟಕ್ಕೆ ನೀವೇ ಸುರಿದುಕೊಳ್ಳಬಾರದು, ಪಕ್ಕದವರ ಲೋಟ ಖಾಲಿಯಾಗಿದ್ದನ್ನು ನೀವು ಗಮನಿಸಬೇಕು, ನಿಮ್ಮದನ್ನು ಅವರು ಗಮನಿಸುತ್ತಾರೆ. ಹಿರಿಯರೆದುರು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ಕುಡಿಯದವರು ಲೋಟಕ್ಕೆ ಜ್ಯೂಸ್ ಹಾಕಿಸಿಕೊಳ್ಳಿ, ನಡೆಯುತ್ತದೆ. ಆದರೆ ಲೋಟ ಹಿಡಿದು ನೀಡಿ, ಎರಡೂ ಕೈಯಲ್ಲಿ.

ಸಸ್ಯಾಹಾರಿಗಳಿಗೆ ಒಂದು ಮಾತು. "ಗೋಗಿ ಬೇಡ" ಅಂದರೆ ಮಾಂಸದ ತುಂಡು ಬರುವುದಿಲ್ಲ ಅಷ್ಟೆ. ಮೀನು ಗೋಗಿಯ ಲೆಕ್ಕಕ್ಕೆ ಬರುವುದೇ ಕಡಿಮೆ. ಸೊಪ್ಪಿನ ಸೂಪಿಗೂ ಒಣಮೀನಿನ ಕಷಾಯವೇ ತಳಹದಿ, ಕಿಮ್ಚಿಗೂ ಉಪ್ಪುಮೀನೋ ಸೀಗಡಿಯೋ ಬಿದ್ದಿರುತ್ತದೆ. ನಾನು ಹುಡುಕಿಕೊಂಡು ಹೋಗುವುದು ಬೌದ್ಧ ದೇವಾಲಯಗಳ ಅಡುಗೆಯನ್ನು. ಮಾಂಸ ಮೀನು ಬಿಡಿ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ನಮ್ಮ ಅಜ್ಜಿ ಅದನ್ನು ಕಣ್ಣುಮುಚ್ಚಿ ಉಣ್ಣುತ್ತಿದ್ದರು.

ನನಗೆ ಆ ಊರು ಬೇರೆಯಾಗಿ ಕಂಡದ್ದು ಒಂದು ಸಾವಿನಿಂದ. ಎರಡು ವರ್ಷದ ಹಿಂದೆ ಟೀಮ್‌ಜಾಂಗ್‌ನಿಮ್ ಅವರ ತಾಯಿ ತೀರಿಕೊಂಡರು. ಎಲ್ಲರ ಮೊಬೈಲಿಗೂ ಮೆಸೇಜ್ ಬಂತು: ಯಾವ ಆಸ್ಪತ್ರೆ, ಎಷ್ಟನೇ ನಂಬರಿನ ಕೋಣೆ, ಮೂರನೇ ದಿನ ಶವ ಹೊರಡುವ ಹೊತ್ತು. ಅಲ್ಲಿ ಸಾಮಾನ್ಯವಾಗಿ ಸಾವಿನ ಮನೆ ಅಂದರೆ ಮನೆಯಲ್ಲ, ದೊಡ್ಡ ಆಸ್ಪತ್ರೆಗಳಲ್ಲೇ ಇರುವ ಶೋಕಸಭಾಂಗಣ. ಮೂರು ದಿನ ಬಂದವರನ್ನೆಲ್ಲ ಮನೆಯವರು ಅಲ್ಲೇ ಕಾಣುತ್ತಾರೆ. ಟೀಮಿನವರು ಸಂಜೆ ಹೋಗುವುದೆಂದು ಮಾತಾಡಿಕೊಂಡರು. ನನಗೆ ಮಾತ್ರ, "ನೀವು ಬರಲೇಬೇಕು ಅಂತೇನಿಲ್ಲ, ಗ್ವೆಂಚಾನಾಯೊ" ಅಂದರು. ಅದೇ ರಿಯಾಯಿತಿ.

ಅದನ್ನು ಒಪ್ಪಿಕೊಂಡು ಮನೆಗೆ ಹೋಗಿದ್ದರೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ನಮ್ಮೂರಲ್ಲಿ ಮದುವೆಗೆ ಹೋಗದಿದ್ದರೂ ನಡೆಯುತ್ತದೆ, ಸಾವಿಗೆ ಹೋಗದಿದ್ದರೆ ಅದು ಉಳಿದುಬಿಡುತ್ತದೆ. ನಾನು ಪಕ್ಕದ ಸೀಟಿನ ಸಹೋದ್ಯೋಗಿಗೆ ಹೇಳಿದೆ, "ನಾನೂ ಬರ್ತೀನಿ. ಏನು ಮಾಡಬೇಕು ಹೇಳಿ." ಅವರು ನನಗಿಂತ ಎರಡು ವರ್ಷ ದೊಡ್ಡವರು. ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಪ್ಯಾಂಟ್ರಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿಕೊಟ್ಟರು. ಕಪ್ಪು ಬಟ್ಟೆ. ಶೂ ಬಿಚ್ಚಬೇಕಾದ್ದರಿಂದ ಕಾಲುಚೀಲವೂ ಕಪ್ಪು. ಬಿಳಿ ಕವರಿನಲ್ಲಿ ದುಡ್ಡು, ಹಿಂಬದಿಯ ಎಡಗಡೆ ಮೇಲಿಂದ ಕೆಳಕ್ಕೆ ನನ್ನ ಹೆಸರು. ಮೊತ್ತ ಬೆಸ ಸಂಖ್ಯೆ ಇರಬೇಕು: ಮೂವತ್ತು ಸಾವಿರ, ಐವತ್ತು ಸಾವಿರ, ಎಪ್ಪತ್ತು ಸಾವಿರ ವೊನ್. ಅದಕ್ಕಿಂತ ಮೇಲೆ ಒಂದು ಲಕ್ಷ. ಐವತ್ತು ಸಾವಿರ ಅಂದರೆ ನಮ್ಮ ಸುಮಾರು ಮೂರು ಸಾವಿರ ರೂಪಾಯಿ. ನೂರಾ ಒಂದು, ಐನೂರಾ ಒಂದು ಅಂತ ಕವರಿಗೆ ಒಂದು ರೂಪಾಯಿ ಸೇರಿಸುವ ನಾಡಿನವಳಿಗೆ ಬೆಸ ಸಂಖ್ಯೆ ವಿಚಿತ್ರ ಅನ್ನಿಸಲಿಲ್ಲ. "ಅಲ್ಲಿ ಅನ್ಯೊಂಗ್‌ಹಾಸೆಯೊ ಅನ್ನಬೇಡಿ" ಅಂದರು. ನಮಸ್ಕಾರ ಹೇಳುವ ಆ ಮಾತಿನಲ್ಲಿ ಕ್ಷೇಮ ಅನ್ನುವ ಅರ್ಥ ಇದೆ. ನಮ್ಮಲ್ಲೂ ಸಾವಿನ ಮನೆಯಿಂದ ಏಳುವಾಗ "ಬರ್ತೀನಿ" ಅನ್ನಲ್ಲ, ಅಂತ ನಾನು ಹೇಳಿದೆ. ಅವರಿಗೆ ಆಶ್ಚರ್ಯ. ಬಂದಮೇಲೆ ತಲೆಗೆ ಸ್ನಾನ ಮಾಡ್ತೀವಿ ಅಂದೆ. ನಮ್ಮಜ್ಜಿ ಬಾಗಿಲಲ್ಲಿ ನಿಲ್ಲಿಸಿ ಮೈಮೇಲೆ ಉಪ್ಪು ಚಿಮುಕಿಸ್ತಿದ್ರು ಅಂದರು ಅವರು.

ಕಾರಿಡಾರ್ ಪೂರ್ತಿ ಆಳೆತ್ತರದ ಸೇವಂತಿಗೆ ಹೂವಿನ ಅಲಂಕಾರಗಳು, ಕಳಿಸಿದವರ ಹೆಸರಿನ ಪಟ್ಟಿ ಹೊತ್ತು ನಿಂತಿದ್ದವು. ಬಾಗಿಲಲ್ಲೇ ಕವರ್ ಹಾಕಿ ಪುಸ್ತಕದಲ್ಲಿ ಹೆಸರು ಬರೆದೆವು. ಒಳಗೆ ಕಪ್ಪು ರಿಬ್ಬನ್ ಹಾಕಿದ ಫೋಟೋ. ಒಬ್ಬೊಬ್ಬರೂ ಬಿಳಿ ಸೇವಂತಿಗೆ ಇಟ್ಟು, ಮಂಡಿಯೂರಿ ಹಣೆ ನೆಲದ ಹತ್ತಿರಕ್ಕೆ ಬರುವಂತೆ ಎರಡು ಸಲ ನಮಸ್ಕಾರ. ಆಮೇಲೆ ಮನೆಯವರ ಕಡೆ ತಿರುಗಿ ಒಂದು, ಅವರೂ ನಮಗೆ ಒಂದು. ಕೈ ಕಟ್ಟುವ ಕ್ರಮವೂ ಅಲ್ಲಿ ತಿರುವುಮುರುವು: ಹಬ್ಬದ ದಿನ ಹೆಂಗಸರ ಬಲಗೈ ಮೇಲಿದ್ದರೆ ಸಾವಿನಲ್ಲಿ ಎಡಗೈ ಮೇಲೆ. ಮಾತು ಬೇಕಾಗಿಲ್ಲ. ಟೀಮ್‌ಜಾಂಗ್‌ನಿಮ್ ನನ್ನನ್ನು ನೋಡಿದರು, ತಲೆ ಬಾಗಿಸಿದರು. ಅವರ ಕಣ್ಣು ಊದಿತ್ತು.

ಅಷ್ಟಕ್ಕೇ ಹೊರಡುವಂತಿಲ್ಲ, ಊಟ ಮಾಡಲೇಬೇಕು. ಸಾವಿನಲ್ಲಿ ಬಡಿಸುವುದು ಯುಕ್ಕೆಜಾಂಗ್, ಕೆಂಪಗೆ ಖಾರವಾದ ದನದ ಮಾಂಸದ ಸೂಪು. ನನ್ನ ಮುಂದೆಯೂ ಬಂತು. ಬೇಡ ಅನ್ನುವುದು ಹೇಗೆ ಅಂತ ಯೋಚಿಸುವಷ್ಟರಲ್ಲಿ ಪಕ್ಕದಲ್ಲಿದ್ದ ಅದೇ ಸಹೋದ್ಯೋಗಿ ಸದ್ದಿಲ್ಲದೆ ಆ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು, ಅನ್ನ, ಸೊಪ್ಪು, ಅಕ್ಕಿಯ ಸಿಹಿತಿಂಡಿ, ಕಡಲೆಕಾಯಿ ನನ್ನ ಕಡೆ ಸರಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಹೇಳದೆಯೇ ಎದುರಿನವರ ಮನಸ್ಸು ತಿಳಿಯುವುದಕ್ಕೆ ಕೊರಿಯನ್ನರು 'ನುಂಚಿ' ಅಂತಾರೆ. ಇಂಗಿತಜ್ಞತೆ ಅಂತ ಕನ್ನಡದಲ್ಲಿ ಒಂದು ಭಾರೀ ಪದ ಇದೆಯಲ್ಲ, ಅದು. ಲೋಟಗಳು ತುಂಬಿದವು, ಯಾರೂ ಲೋಟಕ್ಕೆ ಲೋಟ ತಾಕಿಸಲಿಲ್ಲ. ಸಾವಿನಲ್ಲಿ ಹಾಗೆ ಮಾಡುವಂತಿಲ್ಲ. ಎರಡು ಗಂಟೆ ಕೂತಿದ್ದೆವು. ತೀರಿಕೊಂಡವರ ಮನೆ ಬಿಕೋ ಅನ್ನದಂತೆ ನೋಡಿಕೊಳ್ಳುವುದೇ ಬಂದವರ ಕೆಲಸವಂತೆ.

ವಾರದ ನಂತರ ಟೀಮ್‌ಜಾಂಗ್‌ನಿಮ್ ಎಲ್ಲರ ಮೇಜಿಗೂ ಅಕ್ಕಿ ತಿಂಡಿಯ ಚಿಕ್ಕ ಡಬ್ಬಿ ಇಟ್ಟರು, ಬಂದವರಿಗೆ ಕೃತಜ್ಞತೆ ಹೇಳುವ ರೂಢಿ. ಅವರ ಜೊತೆ ನನ್ನ ಮಾತುಕತೆಯೇನೂ ದಿಢೀರ್ ಅಂತ ಜಾಸ್ತಿಯಾಗಲಿಲ್ಲ. ಆದರೆ ಆ ಸಹೋದ್ಯೋಗಿ ಒಂದು ಸಂಜೆ ಬಸ್‌ಸ್ಟಾಪಿನಲ್ಲಿ, "ಇನ್ಮೇಲೆ ಮಾತು ಇಳಿಸಬಹುದಾ?" ಅಂತ ಕೇಳಿದರು. ಗೌರವದ ಮಾತು ಬಿಟ್ಟು ಬಾನ್ಮಾಲ್‌ಗೆ ಬರುವಾಗ ಹೀಗೆ ಕೇಳಿಯೇ ಬರುತ್ತಾರೆ. ಅವತ್ತಿಂದ ಅವರು ಒನ್ನಿ. ನನ್ನನ್ನು ಏಕವಚನದಲ್ಲಿ ಕರೆಯುವ ಒಬ್ಬರು ಆ ದೇಶದಲ್ಲಿ ಆದರು ಅನ್ನುವ ಖುಷಿಯನ್ನು ತಿಪಟೂರಿನಲ್ಲಿ ವಿವರಿಸಿ ಹೇಳುವುದು ಕಷ್ಟವೇನಾಗಲಿಲ್ಲ, ಅಮ್ಮನಿಗೆ ತಕ್ಷಣ ಅರ್ಥವಾಯಿತು.

ಹೋದ ವರ್ಷ ನಮ್ಮಜ್ಜಿ ಹೋದರು. ನಮ್ಮಲ್ಲಿ ಮೂರು ದಿನ ಎಲ್ಲಿ ಕಾಯುತ್ತಾರೆ? ಬೆಳಿಗ್ಗೆ ಸುದ್ದಿ, ಸಂಜೆಗೆ ಎಲ್ಲ ಮುಗಿದಿತ್ತು. ವಿಡಿಯೋ ಕಾಲ್‌ನಲ್ಲಿ ನೋಡಿದೆ. ಮರುದಿನ ಆಫೀಸಿಗೆ ಹೋದರೆ ಕೀಬೋರ್ಡಿನ ಮೇಲೆ ಬಿಳಿ ಕವರುಗಳು, ಒಟ್ಟು ಹನ್ನೊಂದು. ಹಿಂಬದಿಯ ಎಡಗಡೆ ಮೇಲಿಂದ ಕೆಳಕ್ಕೆ ಒಬ್ಬೊಬ್ಬರ ಹೆಸರು. ಟೀಮ್‌ಜಾಂಗ್‌ನಿಮ್ ಅವರದ್ದು ಎಲ್ಲಕ್ಕಿಂತ ಕೆಳಗಿತ್ತು, ಎಲ್ಲರಿಗಿಂತ ಮೊದಲು ಬಂದು ಇಟ್ಟಿದ್ದರು. ಯಾರೂ ಗ್ವೆಂಚಾನಾಯೊ ಅನ್ನಲಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ್‍ಯಾರು ಎಷ್ಟೆಷ್ಟು ಅಂತ ಬರೆದಿಟ್ಕೊಂಡಿದೀಯಾ?" ಅಂದರು. ಬರೆದಿಟ್ಟುಕೊಂಡಿದ್ದೆ. "ಸರಿ ಮತ್ತೆ. ಮುಯ್ಯಿ ತೀರಿಸ್ಬೇಕು, ಮರೀಬೇಡ." ಹನ್ನೊಂದು ಡಬ್ಬಿ ಅಕ್ಕಿ ತಿಂಡಿಗೆ ಆರ್ಡರ್ ಕೊಟ್ಟು ಮಲಗಿದೆ.