ಬ್ಯಾಟರಿಗೊಂದು ಜಾಗ

ಕಡೂರಿನ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಆ ದಿನ 17 ಕಿಲೋ ತೂಕದ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾನು ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದೆ. ಮೂರನೆಯದಕ್ಕೆ ಕೈ ಸೋತಿತು. ಬಾನೆಟ್ ತೆಗೆದು ನಿಂತಿದ್ದ ಮೇಸ್ತ್ರಿ ನಕ್ಕರು. "ಎಲ್ಲಾರೂ ಕೂತ್ರು ಮೇಷ್ಟ್ರೇ, ಇದೊಂದಕ್ಕೆ ಎಲೆ ಹಾಕೋದು ಮರೆತ್ವಿ."

ಕಾರು ಅಪ್ಪನದು. ಅಂಬಾಸಡರ್ ಮಾರ್ಕ್ 3, 1978ರದ್ದು. ಅಪ್ಪ ಅದನ್ನು ಯಾರೋ ಕಂಟ್ರ್ಯಾಕ್ಟರರಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡಿದ್ದರು. ಅವರು ಹೋದ ಮೇಲೆ ಒಂಬತ್ತು ವರ್ಷ ತೋಟದ ಕೊಟ್ಟಿಗೆಯಲ್ಲಿ ನಿಂತಿತ್ತು. ತಮ್ಮ ಗುಜರಿಗೆ ಹಾಕೋಣ ಎಂದ. ಅಮ್ಮ ಏನೂ ಹೇಳಲಿಲ್ಲ. ಆದರೆ ಅದರ ಮೇಲೆ ಕೊಬ್ಬರಿ ಹರವಲು ಆಳುಗಳು ಹೋದಾಗ ಬೈದು ಕಳಿಸಿದಳು. ಆ ಬೈಗುಳವನ್ನೇ ಒಪ್ಪಿಗೆ ಎಂದುಕೊಂಡು ನಾನು ಕಾರನ್ನು ಎತ್ತಿಸಿಕೊಂಡು ಬಂದೆ.

ಹಳೆಯ 1489 ಸಿಸಿ ಎಂಜಿನ್ ಪೂರ್ತಿ ಕೂತು ಹೋಗಿತ್ತು. ಅದರ ಜಾಗಕ್ಕೆ ಆಮೇಲಿನ ಅಂಬಾಸಡರುಗಳಲ್ಲಿ ಬಂದ ಇಸುಜು ಮೂಲದ 1817 ಸಿಸಿ ಪೆಟ್ರೋಲ್ ಎಂಜಿನ್ ಸಿಕ್ಕಿತು, ಜೊತೆಗೆ ಐದು ಗೇರಿನ ಬಾಕ್ಸು. ಎಂಜಿನ್ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಅದಕ್ಕೆ ಓಡಾಡಿದ ಕತೆ ಬೇರೆಯೇ ಇದೆ, ಬಿಡಿ. ಕಾರ್ಖಾನೆಯವರು ಇದೇ ಎಂಜಿನ್ನಿನ ಜೊತೆ ಬಾನೆಟ್ ಕೆಳಗೆ ಬ್ಯಾಟರಿಗೂ ಜಾಗ ಮಾಡಿದ್ದರು. ನನ್ನ ಆಸೆಗಳಿಗೆ ಮಾಡಿರಲಿಲ್ಲ. ಅಮ್ಮನಿಗೆ ಸೆಕೆ ಆಗಬಾರದೆಂದು ಎಸಿ ಕಂಪ್ರೆಸರ್, ಅದಕ್ಕೆಂದು ದೊಡ್ಡ ರೇಡಿಯೇಟರ್, ಬ್ರೇಕಿಗೆ ಬೂಸ್ಟರ್, ಇಷ್ಟು ಸೇರಿಸಿದ್ದೆ. ಉಳಿದಿದ್ದ ಒಂದೇ ಖಾಲಿ ಮೂಲೆ ಸೈಲೆನ್ಸರ್ ಪೈಪಿಗೆ ಅಂಟಿಕೊಂಡಂತಿತ್ತು. ಸೀಸ-ಆಮ್ಲದ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಆ ಕಸುಬಿನವರ ಅಂದಾಜು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಓದಿದ್ದು ಜಾಸ್ತಿಯಾದರೆ ಹೀಗಾಗುತ್ತದೆ ಎನ್ನುವುದಕ್ಕೆ ಮುಂದಿನದನ್ನು ಹೇಳುತ್ತಿದ್ದೇನೆ. ಹಳೆಯ ಕಾರುಗಳಲ್ಲಿ ಬ್ಯಾಟರಿ ಎಲ್ಲೆಲ್ಲಿತ್ತು ಎಂದು ಎರಡು ರಾತ್ರಿ ಓದಿದೆ. ಬ್ರಿಟನ್ನಿನ ಹಳೆಯ ಮಿನಿಯಲ್ಲಿ ಡಿಕ್ಕಿಯಲ್ಲಿ. ಎಂಜಿಬಿ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಮೊದಮೊದಲು ಆರು ವೋಲ್ಟಿನವು ಎರಡು, ಸೀಟಿನ ಬೆನ್ನ ಹಿಂದೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಹಿಂದಿನ ಸೀಟಿನ ಕೆಳಗೆ, ಬಲಗಡೆ. ಕೋಟಿಗಟ್ಟಲೆ ಬೀಟಲ್ ಓಡಿವೆಯಲ್ಲ, ಅಂಬಾಸಡರಿನ ಸೋಫಾದಂಥ ಸೀಟಿನ ಕೆಳಗೆ ಇದಕ್ಕೆ ಜಾಗವಿಲ್ಲವೇ ಎಂದು ತೀರ್ಮಾನಿಸಿದೆ. ಮೇಸ್ತ್ರಿ ತಲೆ ಕೆರೆದುಕೊಂಡರು. "ಕೂರೋ ಜಾಗದ ಕೆಳಗಾ ಸಾರ್?" ಎಂದರು. ನಾನು ಬೀಟಲ್ ಉದಾಹರಣೆ ಕೊಟ್ಟೆ. ಅವರು ಸುಮ್ಮನಾದರು. ನಮ್ಮ ಕಡೆ ಮೇಷ್ಟ್ರ ಎದುರು ಜನ ಬೇಗ ಸುಮ್ಮನಾಗುತ್ತಾರೆ.

ತಳದ ತಗಡಿನ ಮೇಲೆ ಕಬ್ಬಿಣದ ಪಟ್ಟಿ ಬೆಸೆದು ಬ್ಯಾಟರಿ ಕೂರಿಸಿ, ಮೇಲೊಂದು ರಬ್ಬರ್ ಚಾಪೆ ಹಾಸಿ, ಸೀಟು ಮುಚ್ಚಿದೆವು. ಹೊರಗಿಂದ ಏನೂ ಕಾಣುತ್ತಿರಲಿಲ್ಲ. ನನಗೆ ಬಹಳ ಹೆಮ್ಮೆಯಾಯಿತು.

ಮೊದಲ ಪ್ರಯಾಣ ಅಜ್ಜಂಪುರಕ್ಕೆ, ಅಮ್ಮನ ತವರಿಗೆ. ಅಮ್ಮ ಅಪ್ಪನ ಕಾಲದಲ್ಲಿ ಕೂರುತ್ತಿದ್ದ ಜಾಗದಲ್ಲೇ, ಹಿಂದೆ ಬಲಗಡೆ ಕೂತಳು. ಪಕ್ಕದಲ್ಲಿ ತಮ್ಮನಿಗೆಂದು ಒಂದು ಚೀಲ ತೆಂಗಿನಕಾಯಿ. ಅಜ್ಜಂಪುರದಲ್ಲಿ ತೆಂಗಿನಕಾಯಿ ಇಲ್ಲವೇ ಎಂದು ಕೇಳಬಾರದು. ಬೀರೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ನಾನು ನೋಡದ ಒಂದು ಹಂಪ್ ಬಂತು. ಕಾರು ಎತ್ತಿ ಹಾಕಿತು. ಚೀಲದೊಳಗೆ ಕಾಯಿಗಳು ದಡಬಡ ಎಂದವು. ಒಂದೆರಡು ನಿಮಿಷ ಕಳೆದಿರಬೇಕು.

"ಯಾರೋ ನಾರು ಸುಡ್ತಾ ಅವ್ರೆ ಕಣೋ," ಎಂದಳು ಅಮ್ಮ.

ಕಡೂರಿನವರಿಗೆ ತೆಂಗಿನ ನಾರು ಸುಡುವ ವಾಸನೆ ಹುಟ್ಟಿನಿಂದ ಗೊತ್ತು. ನಾನೂ ಪಕ್ಕದ ತೋಟಗಳ ಕಡೆ ನೋಡಿದೆ. ಎಲ್ಲೂ ಹೊಗೆ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹೊಗೆ ಅಮ್ಮನ ಹಿಂದೆ ಇತ್ತು.

ಗಾಡಿ ನಿಲ್ಲಿಸಿ, ಅವಳನ್ನು ರಟ್ಟೆ ಹಿಡಿದು ಎಳೆದು ಇಳಿಸಿ, ಕಾಯಿ ಚೀಲ ಎಸೆದು, ಸೀಟು ಎತ್ತಿದೆ. ರಬ್ಬರ್ ಚಾಪೆ ಒಂದು ಪಕ್ಕಕ್ಕೆ ಜಾರಿತ್ತು. ಸೀಟಿನ ಒಂದು ಸ್ಪ್ರಿಂಗ್ ಬ್ಯಾಟರಿಯ ಪಾಸಿಟಿವ್ ಮೂತಿಗೆ ತಾಗಿ, ಸೀಟಿನ ಚೌಕಟ್ಟಿನ ಮೂಲಕ ಕಾರಿನ ಮೈಗೆ ದಾರಿ ಮಾಡಿಕೊಂಡಿತ್ತು. ಸ್ಪ್ರಿಂಗ್ ಕುಲುಮೆಯ ಕಬ್ಬಿಣದ ಹಾಗೆ ಕೆಂಪಗಿತ್ತು. ಅಪ್ಪ ಹಾಕಿಸಿದ್ದ ನಾರಿನ ಮೆತ್ತೆ ಅಂಗೈಯಗಲ ಕರಕಲಾಗಿ ಒಳಗೊಳಗೇ ಉರಿಯುತ್ತಿತ್ತು. ಸೀಟು ಎತ್ತಿದ ಕ್ಷಣ ಶಾರ್ಟ್ ತಪ್ಪಿತು. ಕುಡಿಯುವ ನೀರಿನ ಬಾಟಲಿಯನ್ನು ಮೆತ್ತೆಯ ಮೇಲೆ ಸುರಿದೆ. ಆಮೇಲೆ ಸ್ಪ್ಯಾನರ್ ಹುಡುಕಿ ನೆಗೆಟಿವ್ ತಂತಿ ಬಿಚ್ಚಿದೆ. ಮೊದಲು ಬಿಚ್ಚಬೇಕಾದ್ದು ನೆಗೆಟಿವ್ವೇ. ಅದನ್ನು ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೂ ಏನೂ ಆಗುವುದಿಲ್ಲ. ಇದನ್ನು ಎಷ್ಟು ವರ್ಷದಿಂದ ಹುಡುಗರಿಗೆ ಹೇಳಿದ್ದೇನೋ! ಆವತ್ತು ಕೈ ನಡುಗುತ್ತಿದ್ದುದರಿಂದ ನಿಜವಾಗಿಯೂ ತಗುಲಿತು.

ಹಳೆಯ ಬೀಟಲ್‌ಗಳಲ್ಲೂ ಹೀಗೆ ಸೀಟಿನ ಸ್ಪ್ರಿಂಗ್ ತಾಗಿ ಬೆಂಕಿ ಹತ್ತಿದ್ದುಂಟು. ಅದಕ್ಕೇ ಅಲ್ಲಿ ಬ್ಯಾಟರಿಗೆ ಮುಚ್ಚಳ ಕಡ್ಡಾಯ. ಎರಡು ರಾತ್ರಿ ಓದಿದವನು ಆ ಪುಟಕ್ಕೆ ಬರುವ ಮೊದಲೇ ಮಲಗಿದ್ದೆ.

ಅಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಸೀರೆಯ ಹಿಂಬದಿಯನ್ನು ಮುಂದಕ್ಕೆ ಎಳೆದುಕೊಂಡು ನೋಡುತ್ತಿದ್ದಳು. ನಾಲ್ಕಾಣೆಯಗಲದ ಕಂದು ಗುರುತು. ಇನ್ನೊಂದು ನಿಮಿಷ ನಾನು ಪಕ್ಕದ ತೋಟಗಳನ್ನೇ ನೋಡುತ್ತಿದ್ದಿದ್ದರೆ ಎಂದು ಯೋಚಿಸಲು ಹೋದರೆ ಈಗಲೂ ಅಷ್ಟಕ್ಕೇ ನಿಲ್ಲುತ್ತದೆ. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಸುಟ್ಟ ಸೀಟನ್ನು ಡಿಕ್ಕಿಗೆ ಹಾಕಿ, ಅವಳನ್ನು ಮುಂದೆ ಕೂರಿಸಿಕೊಂಡು ನಿಧಾನಕ್ಕೆ ಹೋದೆವು. ಬಾಗಿಲಲ್ಲಿ ಸೋದರಮಾವ "ಯಾಕಕ್ಕ ಇಷ್ಟೊತ್ತು?" ಎಂದಾಗ, "ಪಂಚರ್ ಆಗಿತ್ತು" ಎಂದಳು.

ಮಾವನನ್ನು ನಂಬಿಸುವುದು ಅಷ್ಟು ಸುಲಭವಲ್ಲ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಬಂದು ಡಿಕ್ಕಿ ತೆಗೆಸಿದರು, ನೋಡಿದರು, ಮುಚ್ಚಿದರು. ಅವರು ಎತ್ತಿನ ಗಾಡಿ ಹೊಡೆದು ಬೆಳೆದವರು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವಿದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿ ಎಳೆದ ದನಗಳ ವಂಶ. ಆ ಊರಿನವರಿಗೆ ಎಳೆಯುವುದು, ಹೇರುವುದು ಅಂದರೆ ಒಂದು ಅಭಿಮಾನ. "ಎಲ್ಲಿಕ್ತೀಯ ಈಗ?" ಎಂದರು. ಡಿಕ್ಕಿಯಲ್ಲಿ ಎಂದೆ. "ಡಿಕ್ಕಿಯಾಗೆ ಯಾವ ಕಡೆ?" ಅದನ್ನು ನಾನು ಯೋಚಿಸಿರಲಿಲ್ಲ.

"ಗಾಡಿಗೆ ಹಿಂಭಾರ ಆದ್ರೆ ಮೂಕಿ ಮೇಲೇಳ್ತದೆ, ಎತ್ತಿನ ಕೊರಳ ಹಗ್ಗ ಬಿಗೀತದೆ. ಮುಂಭಾರ ಆದ್ರೆ ಹೆಗಲು ಹುಣ್ಣಾಗ್ತದೆ. ಇದು ಎಲ್ಲಾರಿಗೂ ಗೊತ್ತು. ಒಂದು ಮಗ್ಗುಲಿಗೆ ಭಾರ ಆಯ್ತು ಅನ್ನು, ಅದು ಗೊತ್ತಾಗೋದು ತಿರುವಲ್ಲಿ ಮಗುಚಿದಾಗ್ಲೇ. ನೀನು ಕೂರೋದು ಬಲಕ್ಕೆ. ಎಡಕ್ಕಿಡು, ಅಳಿಯ."

ರಾತ್ರಿ ಅವರ ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಅಂಬಾಸಡರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.46 ಮೀಟರ್. ಹಿಂದಿನ ಅಚ್ಚಿನಿಂದ ಅರ್ಧ ಮೀಟರ್ ಹಿಂದೆ 17 ಕಿಲೋ ಇಟ್ಟರೆ ಹಿಂದಿನ ಚಕ್ರಗಳ ಮೇಲೆ ಇಪ್ಪತ್ತೂವರೆ ಕಿಲೋ ಬೀಳುತ್ತದೆ, ಮುಂದಿನವುಗಳಿಂದ ಮೂರೂವರೆ ಕಿಲೋ ಏಳುತ್ತದೆ. ಮಾವನ ಮೂಕಿ ಮೇಲೇಳುವುದೆಂದರೆ ಇದೇ. ಎಂಜಿನ್ನೆಲ್ಲ ಮುಂದೇ ಇರುವ ಈ ಗಾಡಿಗೆ ಅಷ್ಟರಿಂದ ಕೆಟ್ಟದ್ದೇನಿಲ್ಲ. ಎಡಬಲದ ವಿಷಯದಲ್ಲಿ ಅವರು ಹೇಳಿದ್ದು ಪೂರ್ತಿ ಸರಿ.

ಬರುವಾಗ ತರೀಕೆರೆ ಮೇಲೆ ಬಂದೆವು, ಅಲ್ಲಿ ಹಳೆಯ ಗಾಡಿಗಳ ವೈರಿಂಗ್ ಮಾಡುವ ಒಬ್ಬರು ಸಾಬರಿದ್ದಾರೆಂದು ಕೇಳಿ. ಅವರು ಮೊದಲು ಕೇಳಿದ್ದು, "ಪೆಟ್ರೋಲ್ ಟ್ಯಾಂಕ್ ಎಲ್ಲಿದೆ?" ಡಿಕ್ಕಿಯ ತಳದಲ್ಲೇ. ಚಾರ್ಜ್ ಆಗುವಾಗ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಒಂದು ಕಿಡಿ ಸಾಕು. ಮುಚ್ಚಿದ ಡಿಕ್ಕಿ, ಕೆಳಗೆ ಪೆಟ್ರೋಲ್. ಹಾಗಾಗಿ ಬ್ಯಾಟರಿಗೆ ಮುಚ್ಚಳವಿರುವ ಪೆಟ್ಟಿಗೆ, ಪೆಟ್ಟಿಗೆಯಿಂದ ತಳ ತೂರಿ ಹೊರಗೆ ಹೋಗುವ ಕೊಳವೆ, ಹಂಪಿನಲ್ಲಿ ಅಲುಗದಂತೆ ಮೈಗೇ ಬೋಲ್ಟು ಹಾಕಿದ ಪಟ್ಟಿ.

ನಾನು ಗ್ಯಾರೇಜಿನಲ್ಲಿ ಮಿಕ್ಕಿದ್ದ 16 ಚದರ ಮಿಲಿಮೀಟರಿನ ಕೇಬಲ್ ತೋರಿಸಿದೆ. ಅವರು ಅದನ್ನು ಬೆರಳಲ್ಲಿ ಹಿಡಿದು, "ಇದು ಹಾರನ್‌ಗೆ ಸಾರ್" ಎಂದರು. ಆದರೂ ತಾತ್ಕಾಲಿಕವಾಗಿ ಅದನ್ನೇ ಎಳೆದು, ಸೆಲ್ಫ್ ಹೊಡೆಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯಲ್ಲಿ, ಇನ್ನೊಂದನ್ನು ಸ್ಟಾರ್ಟರಿನಲ್ಲಿ ಇಟ್ಟು ತೋರಿಸಿದರು. ಒಂದು ವೋಲ್ಟಿಗೂ ಮೇಲೆ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಎಂಜಿನ್ ಮುದುಕರು ಮೆಟ್ಟಿಲು ಹತ್ತುವ ಹಾಗೆ ತಿರುಗಿತು. ಲೆಕ್ಕ ಪಾಠದ್ದೇ. ತಾಮ್ರವಾದರೂ ಅಷ್ಟು ತೆಳುವಿನದಕ್ಕೆ ಐದು ಮೀಟರಿನಲ್ಲಿ ಸುಮಾರು ಐದೂವರೆ ಮಿಲಿಓಮ್. ಸ್ಟಾರ್ಟರ್ 200 ಆಂಪಿಯರ್ ಎಳೆದರೆ 1.1 ವೋಲ್ಟ್ ಅಲ್ಲೇ ಖರ್ಚು. ಐವತ್ತರ ಕೇಬಲ್ ಹಾಕಿದರೆ 0.35. ಪ್ರತಿವರ್ಷ ಬೋರ್ಡಿನ ಮೇಲೆ ಓಮ್ ನಿಯಮ ಬರೆಯುವ ಕೈ ಇದು. ಸಾಬರು ಅದನ್ನು ಹೇಳಲಿಲ್ಲ, ಆದರೆ "ನೀವು ಪಾಠ ಮಾಡೋರು, ನಿಮಗೆ ಗೊತ್ತೇ ಇರುತ್ತೆ" ಎಂದು ಮೂರು ಸಲ ಹೇಳಿದರು.

ಕೊನೆಗೆ ವೆಲ್ಡಿಂಗ್ ಮೆಷಿನ್ನಿಗೆ ಹಾಕುವ 50ರ ಕೇಬಲ್ ತಂದರು. ತಗಡು ತೂರುವ ಕಡೆಯೆಲ್ಲ ರಬ್ಬರ್ ಬುಷ್. ಎಂಜಿನ್ನಿನಿಂದ ಮೈಗೆ ಹೊಸ ಅರ್ಥ್ ಪಟ್ಟಿ, ಏಕೆಂದರೆ ವಾಪಸಿನ ಕರೆಂಟು ನಲವತ್ತು ವರ್ಷದ ತಗಡಿನಲ್ಲೇ ಬರಬೇಕು, ತುಕ್ಕು ಹಿಡಿದ ಬೆಸುಗೆಗಳಲ್ಲಿ ಅದೂ ಕಳೆದುಹೋಗುತ್ತದೆ. ಲೈಟು, ಎಸಿಗಳ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಕೊನೆಯಲ್ಲಿ, ಡಿಕ್ಕಿಯ ಅಂಚಿಗೆ ಕೈ ಎಟುಕುವಂತೆ, ಕೆಂಪು ಕೀಲಿಯ ಒಂದು ಕಟಾಫ್ ಸ್ವಿಚ್ಚು. ಕೀಲಿ ತಿರುಗಿಸಿ ಎಳೆದುಕೊಂಡರೆ ಇಡೀ ಗಾಡಿ ಸತ್ತ ಹಾಗೆ.

ಎರಡು ದಿನದ ಕೆಲಸ. ಎರಡನೆಯ ದಿನ ಅಮ್ಮನೂ ಬಂದಳು, ಸ್ಟೂಲು ಹಾಕಿಸಿಕೊಂಡು ಕೂತು ಎಲ್ಲವನ್ನೂ ನೋಡಿದಳು. ಸಾಬರನ್ನು ಕೇಳಿದಳು:

"ಆ ಕೆಂಪುದು ಏತಕ್ಕಪ್ಪ?"

"ಅದು ತೆಗೆದ್ರೆ ಕರೆಂಟೇ ಇರಲ್ಲಮ್ಮ. ಬೆಂಕಿ ಭಯ ಇಲ್ಲ."

"ತೆಗೆದು ಕೊಡು."

ಅವರು ಕೊಟ್ಟರು. ಸ್ಟಾರ್ಟ್ ಮಾಡಿ ನೋಡಲು ಬೇಕೆಂದಾಗ ಕೊಟ್ಟಳು, ಆಮೇಲೆ ಊರು ಸೇರಿ ಗಾಡಿ ನಿಲ್ಲಿಸಿದ ಮೇಲೆ ಮತ್ತೆ ಕೈ ಚಾಚಿದಳು. ಈಗ ಅದು ಅವಳ ಎಲೆಯಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಇರುತ್ತದೆ. ಅವಳು ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ. ಮುಂದೆ, ನನ್ನ ಎಡಕ್ಕೆ. ಮಾವನ ಎಡಬಲದ ಲೆಕ್ಕವೂ ಇದರಿಂದ ಬದಲಾಯಿತು, ಹೇಳಲು ಹೋಗಿಲ್ಲ. ಬೆಳಿಗ್ಗೆ ಕಾಲೇಜಿಗೆ ಗಾಡಿ ಬೇಕೆಂದರೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಬೇಕು. ಎಲ್ಲಿಗೆ, ಎಷ್ಟೊತ್ತಿಗೆ ಬರ್ತೀಯ ಎಂದು ವಿಚಾರಿಸಿಕೊಂಡೇ ಚೀಲದ ದಾರ ಬಿಚ್ಚುತ್ತಾಳೆ.