ಕಟ್ಟೆ ಒಂದೇ, ತೂಬು ಎರಡು

ನಮ್ಮೂರ ಹೆಸರಿನಲ್ಲೇ ಕಟ್ಟೆಯಿದೆ. ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ ಬರುವ ಲಕ್ಷ್ಮಣತೀರ್ಥ ಕಟ್ಟೆಮಳಲವಾಡಿಯ ಕಟ್ಟೆಗೆ ಎದೆಕೊಟ್ಟು ಒಂದು ಗಳಿಗೆ ನಿಲ್ಲುತ್ತದೆ. ನಾಲೆಗೆ ಒಂದಿಷ್ಟು ನೀರು ಕೊಟ್ಟು, ಉಳಿದದ್ದನ್ನು ಹೊತ್ತುಕೊಂಡು ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ನಾಲೆಯ ಏರಿ ಮೇಲೆ ನಡೆಯುವಾಗ ನನ್ನ ಕಣ್ಣೆಲ್ಲ ತೂಬುಗಳ ಮೇಲೆಯೇ. ಅಪ್ಪ ಗುದ್ದಲಿಯಿಂದ ಎರಡು ಹೆಂಟೆ ಮಣ್ಣು ತೆಗೆದರೆ ನೀರು ಈ ಗದ್ದೆಗೆ ತಿರುಗುತ್ತಿತ್ತು, ಮುಚ್ಚಿದರೆ ಆ ಗದ್ದೆಗೆ. ನೀರು ಹೇಳಿದ ಮಾತು ಕೇಳುವುದನ್ನು ನೋಡುವ ಆ ಸುಖಕ್ಕೆ ಸಾಟಿಯಾದದ್ದು ಬಹಳ ವರ್ಷ ನನಗೆ ಸಿಕ್ಕಿರಲಿಲ್ಲ. ಮನೆಗೆ ಫೈಬರ್ ಬಂದ ಮೇಲೆ ಸಿಕ್ಕಿತು.

ರಾತ್ರಿ ಊಟ ಮುಗಿದು, ಪಾತ್ರೆ ತೊಳೆದ ಸದ್ದೂ ಅಡಗಿದ ಮೇಲೆ ನಾನು ವೈಫೈ ರೂಟರಿನ ಒಳಪುಟ ತೆರೆದು ಕೂರುತ್ತೇನೆ. ಅಲ್ಲಿ ಮನೆಯ ಎಲ್ಲ ಸಾಧನಗಳೂ ಸಾಲಾಗಿ ಕಾಣುತ್ತವೆ: ನನ್ನ ಲ್ಯಾಪ್‌ಟಾಪು, ಅವ್ವನ ಫೋನು, ಟೀವಿ, ಪ್ರಿಂಟರು, ಹೊಗೆಸೊಪ್ಪಿನ ಬ್ಯಾರನ್ನಿನ ಕಡೆ ಮುಖ ಮಾಡಿದ ಕ್ಯಾಮೆರಾ. ಸೊಪ್ಪು ಬೇಯುವ ದಿನಗಳಲ್ಲಿ ಹಗಲೂ ರಾತ್ರಿ ಬೆಂಕಿ ಆರಬಾರದು, ಕಾವು ಏರಿಳಿಯಬಾರದು. ಆ ಕ್ಯಾಮೆರಾ ನಮ್ಮ ಮನೆಯ ಎಚ್ಚರದ ಕಣ್ಣು. ಎಲ್ಲವೂ ಒಂದೇ ಕಾಲುವೆಯ ನೀರು ಕುಡಿಯುತ್ತವೆ ಎಂದು ಆಗ ಹೆಮ್ಮೆಪಡುತ್ತಿದ್ದೆ. ಅದೇ ತೊಡಕು ಎಂದು ತಿಳಿದದ್ದು ನೆಂಟರು ಬಂದಾಗ.

ನಮ್ಮ ಮನೆಗೆ ನೆಂಟರ ಸುಗ್ಗಿ ಬರುವುದು ಹರಾಜಿನ ಕಾಲದಲ್ಲಿ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ನಮ್ಮೂರಲ್ಲೇ ಇರುವುದರಿಂದ ಸುತ್ತಲ ಊರುಗಳ ನೆಂಟರಿಷ್ಟರು ಬೇಲುಗಳನ್ನು ಹೇರಿಕೊಂಡು ಬಂದು, ತಮ್ಮ ಸರದಿ ಬರುವ ತನಕ ನಮ್ಮ ಜಗುಲಿಯಲ್ಲಿ ಕೂರುತ್ತಾರೆ. ಇವತ್ತು ಯಾವ ಗ್ರೇಡಿಗೆ ಎಷ್ಟು ಬಿತ್ತು, ಪಿರಿಯಾಪಟ್ಟಣದಲ್ಲಿ ಹೇಗಿದೆ, ಎಲ್ಲವೂ ಫೋನಿನಲ್ಲೇ ಬರಬೇಕು. ನಮ್ಮದು ಹೆಂಚಿನ ಹಳೇ ಮನೆ, ಮೊಳದಗಲದ ಮಣ್ಣಿನ ಗೋಡೆ. ಮೊಬೈಲ್ ಸಿಗ್ನಲ್ಲು ಹೊಸ್ತಿಲಲ್ಲೇ ಸೋತು ನಿಲ್ಲುತ್ತದೆ. ಕಾಫಿ ಲೋಟ ಕೈಗೆ ತೆಗೆದುಕೊಂಡ ಬಾವ ಕೊಂಚ ತಡೆದು, ದನಿ ತಗ್ಗಿಸಿ, “ವೈಫೈ ಪಾಸ್‌ವರ್ಡ್ ಏನಪ್ಪ?” ಎಂದು ಕೇಳುತ್ತಿದ್ದರು. ನೀರು ಕೇಳಲು ಸಂಕೋಚಪಡದವರು ಇದನ್ನು ಕೇಳಲು ಸಂಕೋಚಪಡುತ್ತಿದ್ದರು. ಹೇಳುವಾಗ ನನಗೂ ಒಳಗೊಳಗೇ ಅಳುಕು. ಅದು ಬರೀ ಇಂಟರ್ನೆಟ್ಟಿನ ಬೀಗದಕೈಯಲ್ಲ, ಇಡೀ ಮನೆಯ ಬೀಗದಕೈ ಎಂದು ನನಗೆ ಗೊತ್ತಿತ್ತು.

ಒಂದು ಸಂಜೆ ಅಕ್ಕನ ಚಿಕ್ಕ ಮಗ ಫೋನಿನಲ್ಲಿ ಏನೋ ಒತ್ತಿದ. ಒಳಗೆ ಅವ್ವ ನೋಡುತ್ತಿದ್ದ ಧಾರಾವಾಹಿ ಮಾಯವಾಗಿ, ಅವನು ನೋಡುತ್ತಿದ್ದ ಮಕ್ಕಳ ಹಾಡು ಟೀವಿಯ ತುಂಬ ಕುಣಿಯತೊಡಗಿತು. ಒಂದೇ ವೈಫೈಯಲ್ಲಿರುವ ಫೋನಿಗೆ ಟೀವಿ ಕಾಣುತ್ತದೆ. ಕಂಡದ್ದನ್ನು ಮಗು ಮುಟ್ಟಿತು, ಅಷ್ಟೆ. ಟೀವಿ ಕಂಡ ಫೋನಿಗೆ ಪ್ರಿಂಟರೂ ಕಾಣುತ್ತದೆ, ಕ್ಯಾಮೆರಾದ ಬಾಗಿಲೂ ಕಾಣುತ್ತದೆ. ಯಾರದೋ ಫೋನಿನಲ್ಲಿ ಅವರಿಗೇ ಗೊತ್ತಿಲ್ಲದೆ ಸೇರಿಕೊಂಡ ಕೆಟ್ಟ ತಂತ್ರಾಂಶವಿದ್ದರೆ ಅದಕ್ಕೂ ಇವೆಲ್ಲ ಕಾಣುತ್ತವೆ. ಅಂದೇ ನೆಂಟರಿಗೆ ಬೇರೆ ವೈಫೈ ಮಾಡಬೇಕೆಂದು ಕೂತೆ.

ಮೊದಲ ಪ್ರಯತ್ನ ಅರ್ಧಕ್ಕೇ ನಿಂತಿತು. ಫೈಬರಿನ ಜೊತೆ ಬಂದ ಪೆಟ್ಟಿಗೆಯಲ್ಲಿ ಎರಡನೇ ಹೆಸರು ಇಡಲು ಜಾಗವಿತ್ತು. ಇಟ್ಟೆ, ಬೇರೆ ಪಾಸ್‌ವರ್ಡೂ ಕೊಟ್ಟೆ. ‘ಐಸೊಲೇಷನ್’ ಎಂಬ ಕಡೆ ಗುರುತೂ ಹಾಕಿದೆ. ಆದರೆ ಹೊಸ ಹೆಸರಿಗೆ ಸೇರಿ ನೋಡಿದರೆ ಟೀವಿ ಇನ್ನೂ ಕಾಣುತ್ತಿದೆ! ಆ ಗುರುತು ನೆಂಟರ ಫೋನುಗಳನ್ನು ಒಂದರಿಂದೊಂದು ದೂರ ಇಟ್ಟಿತ್ತೇ ಹೊರತು ಮನೆಯಿಂದ ದೂರ ಇಟ್ಟಿರಲಿಲ್ಲ. ಎರಡು ಬಾಗಿಲು ಇಟ್ಟು ಒಳಗೆ ಒಂದೇ ಕೋಣೆ ಮಾಡಿದ ಹಾಗೆ. ಹೆಸರು ಬೇರೆಯಾದ ಮಾತ್ರಕ್ಕೆ ಜಾಲ ಬೇರೆಯಾಗುವುದಿಲ್ಲ ಎಂಬ ಪಾಠ ಅಲ್ಲಿ ಕಲಿತೆ. ಮೈಸೂರಿಗೆ ಹೋಗಿ, ಅತಿಥಿ ಜಾಲವನ್ನು ನಿಜವಾಗಿ ಬೇರ್ಪಡಿಸುವ ರೂಟರು ತಂದೆ.

ಅದರಲ್ಲಿ ನಡೆಯುವುದು ಥೇಟ್ ನಾಲೆಯ ಕೆಲಸ. ಹೊರಗಿಂದ ಬರುವ ಇಂಟರ್ನೆಟ್ಟು ಒಂದೇ. ರೂಟರು ಅದಕ್ಕೆ ಎರಡು ತೂಬು ಇಡುತ್ತದೆ. ಮನೆಯ ಸಾಧನಗಳಿಗೆ ಒಂದು ಸಾಲಿನ ವಿಳಾಸ, ನೆಂಟರ ಫೋನುಗಳಿಗೆ ಇನ್ನೊಂದು ಸಾಲಿನದು. ಎರಡೂ ಕಾಲುವೆಗೆ ನೀರು ಹರಿಯುತ್ತದೆ. ಈ ಕಾಲುವೆಯಿಂದ ಆ ಕಾಲುವೆಗೆ ದಾರಿಯಿಲ್ಲ. ‘ಅತಿಥಿಗಳು ಮನೆಯ ಜಾಲವನ್ನು ನೋಡಬಹುದೇ’ ಎಂದು ರೂಟರು ಕೇಳುವ ಚೌಕವನ್ನು ಖಾಲಿ ಬಿಡುವುದೇ ಈ ಕೆಲಸದ ಜೀವ. ನಮ್ಮ ರೂಟರಿನಲ್ಲಿ ನೆಂಟರ ತೂಬಿಗೆ ಮಿತಿಯನ್ನೂ ಇಡಬಹುದು. ಹತ್ತು ಜನ ಒಟ್ಟಿಗೆ ವಿಡಿಯೋ ನೋಡಿದರೂ ಬ್ಯಾರನ್ನಿನ ಕ್ಯಾಮೆರಾಗೆ ನೀರು ತಪ್ಪದು. ನೀರುಗಂಟಿ ತುದಿಯ ಗದ್ದೆಯನ್ನು ಮನಸ್ಸಿನಲ್ಲಿಟ್ಟು ಮೊದಲ ತೂಬನ್ನು ಅಳೆದು ತೆರೆಯುವುದಿಲ್ಲವೇ, ಹಾಗೆ.

ಅಲೆಯ ಆಯ್ಕೆಯಲ್ಲೂ ಒಂದು ರುಚಿಯಿದೆ. ನಮ್ಮ ರೂಟರಿನ ವೈಫೈಗೆ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂದು ಎರಡು ಪಟ್ಟಿ. 5ರದ್ದು ಓಟ ಜೋರು, ಆದರೆ ನಮ್ಮ ಮಣ್ಣಿನ ಗೋಡೆಯ ಮುಂದೆ ಬೇಗ ದಣಿಯುತ್ತದೆ. 2.4ರದ್ದು ನಿಧಾನ, ಆದರೆ ಗೋಡೆ ದಾಟಿ ಜಗುಲಿಗೆ ಬರುತ್ತದೆ. ಈ 2.4ರ ಪಟ್ಟಿ ಒಂದು ಬಗೆಯಲ್ಲಿ ಗಾಳಿಯ ಗೋಮಾಳ. 2005ರ ನಿಯಮದಿಂದ ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ಸಾಧನಗಳು ಪರವಾನಗಿಯಿಲ್ಲದೆ ಇಲ್ಲಿ ಮೇಯಬಹುದು. ಗೋಮಾಳವೆಂದ ಮೇಲೆ ನೂಕುನುಗ್ಗಲೂ ಇರುತ್ತದೆ. ಒಂದರ ಮೇಲೊಂದು ಬೀಳದಂತೆ ಹಂಚಿಕೊಳ್ಳಲು ಅಲ್ಲಿರುವ ದಾರಿಗಳು ಮೂರೇ: 1, 6, 11. ಪಕ್ಕದ ಮನೆಯವರದು 6ರಲ್ಲಿತ್ತು, ನಾನು 11 ಹಿಡಿದೆ. ನೆಂಟರ ಜಾಲವನ್ನು 2.4ರಲ್ಲಿ ಇಟ್ಟು, ಫೋನು ಹಿಡಿದು ಜಗುಲಿ, ಅಂಗಳ, ಕೊಟ್ಟಿಗೆಯವರೆಗೆ ನಡೆದು ಎಲ್ಲಿಯವರೆಗೆ ಬರುತ್ತದೆಂದು ನೋಡಿದೆ. ರೂಟರನ್ನು ಕೋಣೆಯ ಮೂಲೆಯಿಂದ ತೆಗೆದು ನಡುಮನೆಯ ಅಟ್ಟದ ಪಕ್ಕಕ್ಕೆ ಏರಿಸಿದ್ದೇ ತಡ, ಅಂಗಳದ ಹುಣಸೆಮರದ ಬುಡದವರೆಗೂ ಬಂತು.

ಹೆಸರಿಡುವುದಕ್ಕೆ ಒಂದು ರಾತ್ರಿ ಪೂರ್ತಿ ಹಿಡಿಯಿತು. ಊರ ಹೆಸರನ್ನೇ ಕನ್ನಡದಲ್ಲಿ ಇಡಬೇಕೆಂದು ಆಸೆ. ವೈಫೈ ಹೆಸರಿಗೆ 32 ಬೈಟುಗಳಷ್ಟೇ ಜಾಗ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತಚಿಹ್ನೆಗೂ ಮೂರು ಬೈಟು ಬೇಕು. ‘ಕಟ್ಟೆಮಳಲವಾಡಿ’ ಎಂದು ಬರೆದರೆ ಒತ್ತು, ದೀರ್ಘ, ಗುಡಿಸೆಲ್ಲ ಸೇರಿ ಹನ್ನೆರಡು ಚಿಹ್ನೆ, 36 ಬೈಟು. ನಮ್ಮೂರು ಆ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಕಾಗದದ ಮೇಲೆ ಎಣಿಸಿ ಎಣಿಸಿ ಕೊನೆಗೆ ‘ನೆಂಟರ ಜಗುಲಿ’ ಎಂದು ಬರೆದೆ. ಹತ್ತು ಚಿಹ್ನೆಗೆ 30, ನಡುವಿನ ಖಾಲಿ ಜಾಗಕ್ಕೆ 1, ಒಟ್ಟು 31. ಅಳೆದು ಹೊಲಿದ ಅಂಗಿಯಂತೆ ಕೂತಿತು. ಫೋನಿನಲ್ಲಿ ಇಂಗ್ಲಿಷ್ ಹೆಸರುಗಳ ನಡುವೆ ಅದು ದುಂಡಗೆ ಮೂಡಿದಾಗ ಆದ ಸಂತೋಷ ದೊಡ್ಡದು.

ಪಾಸ್‌ವರ್ಡಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳೇ ಬೇಕು, ಕಡಿಮೆಯೆಂದರೆ ಎಂಟು. ಮೊದಲು ನದಿಯ ಹೆಸರಿಟ್ಟೆ. ‘ತೀರ್ಥ’ಕ್ಕೆ ಒಬ್ಬರು ‘ಟಿ’ ಒತ್ತಿದರು, ಇನ್ನೊಬ್ಬರು ‘ಎಚ್’ ಸೇರಿಸಿದರು, ಮತ್ತೊಬ್ಬರು ಎರಡು ‘ಇ’ ಹಾಕಿದರು. ಹಾಗಾಗಿ ದೀರ್ಘವಿಲ್ಲದ, ಒತ್ತಿಲ್ಲದ, ಮಹಾಪ್ರಾಣವಿಲ್ಲದ ಮಾತುಗಳನ್ನು ಹುಡುಕಿದೆ. ಗಿಡ, ಮರ, ಕೆರೆ, ಮನೆ: ಇಂಥವನ್ನು ಯಾರು ಬರೆದರೂ ಒಂದೇ ಥರ ಬರೆಯುತ್ತಾರೆ. ನಾಲ್ಕು ಸೇರಿದರೆ 16 ಅಕ್ಷರ. ಹೇಳಲು ಸುಲಭ, ಊಹಿಸಲು ಕಷ್ಟ. ನಮ್ಮ ಮನೆಯ ನಾಲ್ಕು ಪದ ಬೇರೆ. ಅವನ್ನು ಜಗುಲಿಗೆ ಬಂದವರಿಗಷ್ಟೇ ಹೇಳುತ್ತೇನೆ.

ಇಷ್ಟೆಲ್ಲ ನೋಡುತ್ತಿದ್ದ ಅವ್ವ ಒಂದು ದಿನ ತಡೆಯದೆ ಅಂದಳು: “ಬಂದೋರ್ಗೆಲ್ಲ ಒಂದೇ ಪಾತ್ರೇಲಿ ಬಡಿಸಿದ ಮನೆ ಕಣಪ್ಪ ಇದು. ನಮ್ಗೊಂದು, ಅವ್ರಿಗೊಂದು ಅಂದ್ರೆ ಪಂಕ್ತಿಭೇದ ಮಾಡ್ದಂಗೆ ಆಗಕಿಲ್ವಾ?”

ಆ ಮಾತು ನನ್ನನ್ನು ಎರಡು ದಿನ ಕಾಡಿತು. ಪಂಕ್ತಿಭೇದವೆಂದರೆ ಸಣ್ಣ ಮಾತಲ್ಲ. ಯೋಚಿಸಿದಂತೆ ಹೊಳೆಯಿತು: ಪಂಕ್ತಿಭೇದ ಆಗುವುದು ಎಲೆಯ ಮೇಲೆ ಬೇರೆ ಅಡುಗೆ ಬಿದ್ದಾಗ. ಇಲ್ಲಿ ಎರಡೂ ತೂಬಿಗೆ ಬರುವುದು ಅದೇ ಕಟ್ಟೆಯ ನೀರು. ಜಗುಲಿಯನ್ನು ಕಟ್ಟಿದವರು ನೆಂಟರನ್ನು ಹೊರಗಿಡಲು ಕಟ್ಟಲಿಲ್ಲ. ಯಾರನ್ನೂ ಕೇಳದೆ, ಯಾವ ಹೊತ್ತಿನಲ್ಲಾದರೂ ಬಂದು ಕೂರಲಿ ಎಂದು ಕಟ್ಟಿದರು. ಅಡುಗೆಮನೆಗೆ ಬಾಗಿಲಿರುವುದರಿಂದಲೇ ಜಗುಲಿಗೆ ಬಾಗಿಲು ಬೇಕಾಗಲಿಲ್ಲ. ಅವ್ವನಿಗೆ ಹೀಗೇ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಜಗುಲಿಯ ಕಂಬಕ್ಕೆ ಅರಿಶಿನ ನೀರು ಹಾಕಿ ಒರೆಸಿದಳು.

ಆ ಕಂಬದ ಮೇಲೆ ಒಂದು ಕ್ಯೂಆರ್ ಕೋಡನ್ನು ಅಂಟಿಸಿದ್ದೇನೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ರೂಪಿಸಿದ ಆ ಚುಕ್ಕಿಗಳ ಚೌಕ ಈಗ ನಮ್ಮೂರ ಟೀ ಅಂಗಡಿಯಲ್ಲೂ ತೂಗುತ್ತದೆ. ಅಲ್ಲಿ ದುಡ್ಡು ಕೊಟ್ಟು ಕೊಟ್ಟು ಎಲ್ಲರ ಕೈಗೂ ರೂಢಿಯಾಗಿದೆ. ಬಾವ ಬಂದವರೇ ಫೋನು ಎತ್ತಿ ಕಂಬಕ್ಕೆ ಹಿಡಿದರು. ಸೇರಿತು. ಕೇಳಲಿಲ್ಲ, ದನಿ ತಗ್ಗಿಸಲಿಲ್ಲ. ಅವರ ಫೋನಿನಲ್ಲಿ ಟೀವಿ ಹುಡುಕಿದೆ, ಕಾಣಲಿಲ್ಲ. ರೂಟರಿನ ಒಳಪುಟ ತೆರೆಯಲು ನೋಡಿದೆ, ತೆರೆಯಲಿಲ್ಲ. ಒಳಗೆ ಧಾರಾವಾಹಿ ಸಾಂಗವಾಗಿ ಸಾಗುತ್ತಿತ್ತು.

ಅತಿಥಿ ಜಾಲದ ಪಾಸ್‌ವರ್ಡನ್ನು ಆಗಾಗ ಬದಲಿಸುವುದು ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ. ಮನೆಯದನ್ನು ಬದಲಿಸಿದ್ದೇನೆ, ಜಗುಲಿಯದನ್ನು ಬದಲಿಸಿಲ್ಲ. ಬೇರೆ ಮಾಡಿದ್ದರಿಂದಲೇ ಬದಲಿಸದೆ ಇರುವ ಧೈರ್ಯ ಬಂದಿದೆ. ಕಳೆದ ಹರಾಜಿನ ಮೊದಲ ವಾರ ರೂಟರಿನ ಪುಟ ತೆರೆದು ಕೂತಿದ್ದೆ. ಖಾಲಿಯಿದ್ದ ನೆಂಟರ ಸಾಲಿನಲ್ಲಿ ಒಂದು ಫೋನಿನ ಹೆಸರು ಥಟ್ಟನೆ ಮೂಡಿತು. ಹೊರಗೆ ಇನ್ನೂ ಚಪ್ಪಲಿ ಬಿಡುವ ಸದ್ದು ಕೇಳಿರಲಿಲ್ಲ.

“ಅವ್ವ, ಬಾವ ಬಂದ್ರು” ಎಂದೆ.

ಅವಳು ಆಗಲೇ ಚೊಂಬಿಗೆ ನೀರು ತುಂಬುತ್ತಿದ್ದಳು.