ಮಂಗಳದ ತನಕ

ಹಸಿವು ನಿದ್ರೆಗಳ ಹಾಗೆ ಪಕ್ಷಪಾತವೂ ಮನುಷ್ಯನಿಗೆ ಹುಟ್ಟಿನಿಂದಲೇ ಅಂಟಿ ಬಂದದ್ದೆಂದು ನನಗೆ ತೋರುತ್ತದೆ. ಇಕ್ಕೇರಿಯ ಬಳಿಯ ನಮ್ಮ ಹಳ್ಳಿಯಲ್ಲಿ ಅದು ಯಕ್ಷಗಾನದ ರೂಪ ತಾಳಿತ್ತು. ನಮ್ಮ ಅಪ್ಪಯ್ಯ ಕೆರೆಮನೆಯ ಪಕ್ಷ. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಆ ಮೇಳ ಬಂತೆಂದರೆ ಅಡಕೆಯ ಕೊನೆಕೊಯ್ಲು ಕೂಡ ಒಂದು ದಿನ ಕಾಯಬೇಕಾಗಿತ್ತು. ಆಚೆಮನೆಯ ಮಾವ ಸಾಲಿಗ್ರಾಮ ಮೇಳದವರು; ಕಾಳಿಂಗ ನಾವಡರ ಪದ ಕೇಳದ ಕಿವಿ ಕಿವಿಯೇ ಅಲ್ಲ ಎಂಬುದು ಅವರ ಸಿದ್ಧಾಂತ. ಬೇಲಿಗಾಗಿ, ನೀರಿಗಾಗಿ ಎಂದೂ ಜಗಳವಾಡದ ಈ ಇಬ್ಬರು ಮೇಳದ ಮಾತು ಬಂದರೆ ವಾರಗಟ್ಟಲೆ ಮುಖ ತಿರುಗಿಸುತ್ತಿದ್ದರು. 1990ರಲ್ಲಿ ನಾವಡರು ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದಾಗ, ಅಪ್ಪಯ್ಯ ಸೂತಕದ ಮನೆಗೆ ಹೋಗುವವರಂತೆ ಆಚೆಮನೆಗೆ ಹೋದರು. ಇಬ್ಬರೂ ಜಗಲಿಯ ಮೇಲೆ ಕವಳದ ಬಟ್ಟಲು ನಡುವಿಟ್ಟುಕೊಂಡು, ಅದನ್ನು ಮುಟ್ಟದೆ, ಮಾತಿಲ್ಲದೆ ಕುಳಿತಿದ್ದರು.

ಅಪ್ಪಯ್ಯನದು ಒಂದೇ ನಿಯಮ: ಮಂಗಳ ಹಾಡುವ ತನಕ ಆಟದಿಂದ ಏಳಬಾರದು. "ಕೆಟ್ಟ ಆಟ ಬಿಟ್ಟು ಹೋಗುವವ ಒಳ್ಳೆ ಆಟಕ್ಕೂ ನೆಂಟನಲ್ಲ, ಮಾಣಿ" ಎನ್ನುತ್ತಿದ್ದರು.

ಆ ನಿಯಮವನ್ನು ಮುರಿದವನು ನಾನು. ಕಾಲೇಜಿನ ಕೆಲಸ ಸಿಕ್ಕಿದ ಹೊಸತು. ಆ ರಾತ್ರಿ ಮಳೆ ಹನಿಯುತ್ತಿತ್ತು, ಆಟ ಕಳೆಗಟ್ಟಿರಲಿಲ್ಲ, ಬೆಳಿಗ್ಗೆ ಮೊದಲ ಪೀರಿಯಡ್ಡಿಗೇ ನನ್ನ ಪಾಠ. ನಡುರಾತ್ರಿಯಲ್ಲಿ "ನಾನು ಹೊರಟೆ" ಎಂದೆ. ಅವರು ಏನೂ ಅನ್ನಲಿಲ್ಲ. ಕಾಲು ಮಡಚಿ ದಾರಿ ಬಿಟ್ಟರು. ಮರುದಿನ ಮಾಡಿದ ಪಾಠ ಯಾವುದೋ ಮರೆತಿದೆ. ಖಾಲಿ ಕುರ್ಚಿಗಳ ನಡುವೆ ಕಂಡ ಅವರ ಬೆನ್ನು ಮರೆತಿಲ್ಲ. ಅವರೊಡನೆ ಮತ್ತೆ ಆಟಕ್ಕೆ ಹೋಗುವ ಯೋಗ ನನಗೆ ಬರಲಿಲ್ಲ.

ನನ್ನ ಮಗ ಬೆಂಗಳೂರಿನಲ್ಲಿ ಓದುತ್ತಾನೆ. ಯಕ್ಷಗಾನವೆಂದರೆ ಅವನಿಗೆ ಆಕಳಿಕೆ. ಬೆಂಗಳೂರು ಎಫ್‌ಸಿ ಎಂದರೆ ಪ್ರಾಣ. 2013ರಲ್ಲಿ ಹುಟ್ಟಿದ, ತನಗಿಂತಲೂ ಕಿರಿಯದಾದ ಫುಟ್ಬಾಲ್ ತಂಡಕ್ಕೆ ಪರಂಪರೆ ಎಲ್ಲಿಯದೆಂದು ನಾನು ಹಾಸ್ಯ ಮಾಡುತ್ತಿದ್ದೆ. ಈಚೆಗೆ ಕೆಲಸದ ಮೇಲೆ ಹೋದಾಗ ಅವನು ನನ್ನನ್ನು ಕಂಠೀರವ ಕ್ರೀಡಾಂಗಣಕ್ಕೆ ಎಳೆದೊಯ್ದ. ಎಲ್ಲೆಲ್ಲೂ ನೀಲಿ ಅಂಗಿ, ಡೋಲು, ಹಾಡು. ಪಕ್ಕದಲ್ಲಿ ಗೌತಮಪುರದ ಹಿರಿಯರೊಬ್ಬರಿದ್ದರು. ನನ್ನ ಹಾಸ್ಯಕ್ಕೆ ಉತ್ತರ ಅವರಲ್ಲಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದ ಕಥೆ ಅವರಿಗೆ ತಂದೆಯಿಂದ ಬಂದದ್ದು. 1968–69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಎತ್ತಿದ್ದು ಅವರ ಬಾಲ್ಯದ ನೆನಪು. ಆಮೇಲೆ ಆ ಟ್ರೋಫಿ ಕರ್ನಾಟಕಕ್ಕೆ ಮರಳಿದ್ದು 2023ರಲ್ಲಿ, ದೂರದ ರಿಯಾಧ್ ನಗರದಲ್ಲಿ. ತಂಡ ಹೊಸದು, ಅದರ ಹಿಂದಿನ ಮನಸ್ಸು ಹಳೆಯದು ಎಂದು ತಿಳಿಯಿತು.

ಆ ಸಂಜೆ ನಮ್ಮವರು ಎರಡು ಗೋಲು ಹಿಂದಿದ್ದರು. ಹತ್ತು ನಿಮಿಷ ಉಳಿದಿತ್ತು. "ಏಳೋಣವೇ? ಸಾಗರದ ಬಸ್ಸು ತಪ್ಪುತ್ತದೆ" ಎಂದೆ.

ಮಗ ತಿರುಗಿಯೂ ನೋಡಲಿಲ್ಲ. "ಸೀಟಿ ಊದೋ ತನಕ ಏಳಬಾರದು, ಅಪ್ಪಾ."

ಹಿರಿಯರು ನಕ್ಕರು: "ಐವತ್ನಾಲ್ಕು ವರ್ಷ ಕಾದಿದೀವಿ ಸಾರ್, ಇನ್ನು ಹತ್ತು ನಿಮಿಷ ಕಾಯಕ್ಕಾಗಲ್ವಾ?"

ಕುಳಿತೆ. ತಂಡ ಸೋತಿತು. ಆಟಗಾರರು ತಲೆ ತಗ್ಗಿಸಿ ನಮ್ಮ ಕಡೆ ಬಂದರು. ಸಾವಿರಾರು ಕೈಗಳು ತಲೆಯ ಮೇಲೆದ್ದು ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟಿದವು, ನನ್ನವೂ ಇದ್ದವು. ಬಸ್ಸು ತಪ್ಪಿತು.

ಮಗ ತನ್ನ ಅಜ್ಜನನ್ನು ಕಂಡದ್ದು ಗೋಡೆಯ ಮೇಲಿನ ಪಟದಲ್ಲಿ ಮಾತ್ರ. ಈ ನಿಯಮವನ್ನು ಅವನು ಯಾರಿಂದ ಕಲಿತನೋ, ನನ್ನಿಂದಂತೂ ಅಲ್ಲ.

ಊರಿನಲ್ಲಿ ಈ ವರ್ಷ ಹರಕೆಯ ಆಟವಿದೆ. ಹೋಗುವವನಿದ್ದೇನೆ. ಮಗನನ್ನೂ ಕರೆದಿದ್ದೇನೆ. ಬಂದು ನಿದ್ದೆ ಹೋದರೂ ಅಡ್ಡಿಯಿಲ್ಲ, ಮಂಗಳಕ್ಕೆ ಎಬ್ಬಿಸುತ್ತೇನೆ.